ಮಲಗಿ ಎದ್ದ ಅಕ್ಕ, ಎಚ್ಚರವಿದ್ದ ತಂಗಿ

ಈ ಕತೆಯನ್ನು ನಮಗೆ ಮೊದಲು ಹೇಳಿದವರು ಮಠದ ದಾಸೋಹಕ್ಕೆ ಸೌದೆ ಒಡೆದು ಕೊಡುತ್ತಿದ್ದ ಗುರುಪಾದಪ್ಪನವರು. ಅವರು ಮಠದ ಜಗಲಿಯಲ್ಲಿ ಕುಳಿತು ಗುರುಗಳ ಬಾಯಿಂದಲೇ ಕಿವಿಯಾರೆ ಕೇಳಿದ್ದು.

ಮಠದ ಹಿರಿಯ ಶಿಷ್ಯ ಚೆನ್ನಬಸಯ್ಯ ಜ್ವರ ಬಿದ್ದು ಊರಿಗೆ ಹೋಗಿದ್ದವನು ಮಳೆಗಾಲ ಕಳೆದ ಮೇಲೆ ಮರಳಿ ಬಂದ. ಅಷ್ಟು ದಿನ ಪಾಠಶಾಲೆಯ ಮಕ್ಕಳನ್ನು ನೋಡಿಕೊಂಡವನು ಕಿರಿಯ ಶಿಷ್ಯ ಮುರಿಗಯ್ಯ. ಬಂದವನಿಗೆ ಎಲ್ಲವೂ ಬೇರೆಯಾಗಿ ಕಂಡಿತು. ಪಾಠದ ಹೊತ್ತು ಬೇರೆ. ಹಿಂದಿನ ಸಾಲಿನಲ್ಲಿ ಕೂರುತ್ತಿದ್ದ ನೀಲಮ್ಮನೆಂಬ ಹುಡುಗಿ ಈಗ ಎಲ್ಲರಿಗಿಂತ ಮುಂದಿನ ಸಾಲಿನಲ್ಲಿ. ಅವನು ನೇರ ಗುರುಗಳ ಬಳಿಗೆ ಹೋಗಿ ಕೇಳಿದ:

“ಬುದ್ಧೀ, ನಾನಿಲ್ಲದಾಗ ಮುರಿಗಯ್ಯ ಮಾಡಿದ್ದನ್ನೆಲ್ಲ ಅಳಿಸಿ ಮೊದಲಿನಂತೆ ಮಾಡಬೇಕು. ಎಲ್ಲಿಂದ ಶುರು ಮಾಡಲಿ?”

ಗುರುಗಳು ಕುಳಿತುಕೋ ಎಂದು ಕೈ ತೋರಿಸಿದರು. ಆಮೇಲೆ ಹೇಳತೊಡಗಿದರು.

ಒಂದು ಊರಿನಲ್ಲಿ ದೊಡ್ಡ ಆಸ್ಪತ್ರೆ ಇತ್ತು. ರೋಗಿಗಳ ವಿವರವೆಲ್ಲ ಕಂಪ್ಯೂಟರಿನಲ್ಲಿ. ಆ ವಿವರವನ್ನು ತುಂಬಿಡುವ ಭಂಡಾರಗಳು ಎರಡು. ಒಂದು ಆಸ್ಪತ್ರೆಯ ನೆಲಮಾಳಿಗೆಯಲ್ಲಿ, ಇನ್ನೊಂದು ಕೆರೆಯಾಚೆಯ ಕಟ್ಟಡದಲ್ಲಿ. ನಡುವೆ ತಂತಿ. ಮೊದಲನೆಯದರಲ್ಲಿ ಬರೆದದ್ದು ಆ ಕ್ಷಣವೇ ಎರಡನೆಯದರಲ್ಲಿಯೂ ಮೂಡುತ್ತಿತ್ತು. ಒಂದಕ್ಕೆ ಏನಾದರೂ ಆದರೆ ಇನ್ನೊಂದು ಇರಲಿ ಎಂದು ಈ ಏರ್ಪಾಡು. ಅಲ್ಲಿಯವರು ಮೊದಲನೆಯದನ್ನು ಅಕ್ಕ ಎಂದೂ ಎರಡನೆಯದನ್ನು ತಂಗಿ ಎಂದೂ ಕರೆಯುತ್ತಿದ್ದರು.

ಈ ಜೋಡಿಯನ್ನು ಕಾಯುವವನೊಬ್ಬನಿದ್ದ. ಅವನಿಗೆ ಅಕ್ಕನೆಂದರೆ ಪ್ರಾಣ. ಆಯುಧಪೂಜೆಯ ದಿನ ಅಕ್ಕನಿಗೆ ಸೇವಂತಿಗೆ ಹಾರ, ಬೂದುಗುಂಬಳ. ತಂಗಿಗೆ ಒಂದು ಬೊಟ್ಟು ಕುಂಕುಮವೂ ಇಲ್ಲ. ‘ಅವಳದೇನು, ಅಕ್ಕ ಹೇಳಿದ್ದನ್ನು ಬರೆದುಕೊಳ್ಳುವವಳು’ ಎನ್ನುತ್ತಿದ್ದ.

ಒಂದು ಮಳೆಗೆ ನೆಲಮಾಳಿಗೆಗೆ ನೀರು ನುಗ್ಗಿತು. ನೀರು ಮುಟ್ಟುವ ಮೊದಲೇ ವಿದ್ಯುತ್ ಕಡಿದರು. ಅಕ್ಕ ಮಲಗಿದಳು. ಆಸ್ಪತ್ರೆ ನಿಲ್ಲಲಿಲ್ಲ, ಬರೆಯುವ ಕೆಲಸವನ್ನು ತಂಗಿಯೇ ಹೊತ್ತಳು. ನೀರು ತೆಗೆಸಿ, ನೆಲ ಒಣಗಿಸಿ, ಕಾಯುವವನು ಅಕ್ಕನನ್ನು ಎಬ್ಬಿಸುವ ಹೊತ್ತಿಗೆ ಕೆಲವು ದಿನ ಕಳೆದಿದ್ದವು. ಹೊಸ ರೋಗಿಗಳು ಬಂದಿದ್ದರು, ಹೆರಿಗೆಗಳಾಗಿದ್ದವು. ಅದೊಂದೂ ಅಕ್ಕನಿಗೆ ಗೊತ್ತಿಲ್ಲ.

ಜೋಡಿ ಮುರಿದಿತ್ತು. ಮತ್ತೆ ಕೂಡಿಸಬೇಕು. ಕೂಡಿಸುವಾಗ ಯಂತ್ರಕ್ಕೆ ದಿಕ್ಕು ಹೇಳಬೇಕು, ಯಾರಿಂದ ಯಾರಿಗೆ ಎಂದು. ಕೊಡುವವಳಲ್ಲಿ ಇದ್ದದ್ದು ಪಡೆಯುವವಳಲ್ಲಿ ಮೂಡುತ್ತದೆ. ಕೊಡುವವಳಲ್ಲಿ ಇಲ್ಲದ್ದು ಪಡೆಯುವವಳಲ್ಲಿ ಅಳಿದುಹೋಗುತ್ತದೆ. ಅಳಿದದ್ದು ಮರಳಿ ಬಾರದು.

ಕಾಯುವವನು ಯೋಚಿಸಲಿಲ್ಲ. ಎಂದಿನ ಪದ್ಧತಿಯಂತೆ ಅಕ್ಕನಿಂದ ತಂಗಿಗೆ ಎಂದು ಬರೆದ. ಖಚಿತವೇ ಎಂದು ಯಂತ್ರ ಕೇಳಿತು. ಅವನು ಗುಂಡಿಯ ಮೇಲೆ ಬೆರಳಿಟ್ಟ. ಅಷ್ಟರಲ್ಲಿ ಫೋನ್ ಬಂತು. ಹೆರಿಗೆ ವಾರ್ಡಿನ ನರ್ಸಮ್ಮ.

‘ಅಣ್ಣಾ, ನಿಮ್ಮ ಅಕ್ಕ ಎದ್ದಳಂತೆ. ಇನ್ನಾದರೂ ಊಟ ಮಾಡ್ತೀರೋ ಇಲ್ಲವೋ?’

‘ಎದ್ದಳಮ್ಮ. ತಂಗಿ ಒಬ್ಬಳೇ ಕೂತು ಏನೇನು ಗೀಚಿದ್ದಾಳೋ, ಅದನ್ನೆಲ್ಲ ಒರೆಸಿ ಉಣ್ತೀನಿ.’

‘ಗೀಚಿದ್ದಾಳೆ ಅನ್ನಬೇಡಿ. ನಿನ್ನೆ ಒಬ್ಬ ಬಾಣಂತಿಗೆ ಇಂಜೆಕ್ಷನ್ ಒಗ್ಗದೆ ಜೀವ ಹೋಗಿ ಬಂತು. ಅದನ್ನು ಇವಳಿಗೆ ಕೊಡಬೇಡಿ ಅಂತ ತಂಗಿಯ ಹತ್ತಿರವೇ ಬರೆಸಿದ್ದೀವಿ. ಮುಂದಿನ ಪಾಳಿಯವರು ಅದನ್ನು ನೋಡಿಯೇ ಸೂಜಿ ಹಾಕೋದು. ಮಲಗಿ ಎದ್ದವಳು ಎದ್ದ ಕೂಡಲೇ ಯಜಮಾನಿಕೆಗೆ ನಿಂತಳಾ?’

ನರ್ಸಮ್ಮ ನಗುತ್ತಲೇ ಫೋನ್ ಇಟ್ಟಳು. ಕಾಯುವವನಿಗೆ ನಗು ಬರಲಿಲ್ಲ. ಒತ್ತಿದ್ದರೆ ಆ ಬಾಣಂತಿಯ ವಿಷಯ ಅಳಿಯುತ್ತಿತ್ತು. ಅಳಿಯಿತೆಂಬುದೂ ತಿಳಿಯುತ್ತಿರಲಿಲ್ಲ. ಅಕ್ಕ ತಂಗಿ ಇಬ್ಬರೂ ಒಂದೇ ಮಾತು ಹೇಳುತ್ತಿದ್ದರು. ಆ ಮಾತು ಸುಳ್ಳಾಗಿರುತ್ತಿತ್ತು.

ಅವನು ಬೆರಳು ತೆಗೆದ. ದಿಕ್ಕು ತಿರುಗಿಸಿದ, ತಂಗಿಯಿಂದ ಅಕ್ಕನಿಗೆ. ತಂಗಿ ಕಂಡದ್ದೆಲ್ಲ ನಿಧಾನವಾಗಿ ಅಕ್ಕನಲ್ಲಿ ಮೂಡಿತು. ಮುಗಿದ ಮೇಲೆ ತೆರೆದು ನೋಡಿದ. ಬಾಣಂತಿಯ ಹೆಸರಿತ್ತು, ಅದರ ಕೆಳಗೆ ಆ ಎಚ್ಚರಿಕೆಯೂ ಇತ್ತು. ಇಬ್ಬರೂ ಸಮವಾದರೆಂದು ಗೊತ್ತಾದ ಮೇಲೆಯೇ ಬರೆಯುವ ಕೆಲಸವನ್ನು ಮತ್ತೆ ಅಕ್ಕನಿಗೆ ಒಪ್ಪಿಸಿದ. ತಂಗಿಯಿಂದ ಪಡೆದಳೆಂದು ಅಕ್ಕನ ಹಿರಿತನ ಕೂದಲೆಳೆಯಷ್ಟೂ ಕುಗ್ಗಲಿಲ್ಲ. ಆ ವರ್ಷದ ಆಯುಧಪೂಜೆಗೆ ಅವನು ಕೆರೆಯಾಚೆಗೂ ಒಂದು ಹಾರ ಒಯ್ದ.

ಗುರುಗಳು ಕತೆ ನಿಲ್ಲಿಸಿದರು. ಪಾಠಶಾಲೆಯಲ್ಲಿ ಮಕ್ಕಳು ಮಗ್ಗಿ ಹೇಳುವುದು ಕೇಳಿಸುತ್ತಿತ್ತು.

“ಈ ಮಳೆಗಾಲದಲ್ಲಿ ನೀಲಮ್ಮನ ಕಿವಿ ಮಂದವಾಯಿತು, ಹಿಂದಿನ ಸಾಲಿಗೆ ಪಾಠ ಕೇಳಿಸದು. ನೀನು ಕೇಳಿದ್ದರೆ ಮುರಿಗಯ್ಯ ಹೇಳುತ್ತಿದ್ದ.”

ಚೆನ್ನಬಸಯ್ಯ ಎದ್ದು ಪಾಠಶಾಲೆಯ ಕಡೆಗೆ ನಡೆದ.

ಕೇಳಿದವರೇ, ಈ ಕತೆಯನ್ನು ನಿಮ್ಮಲ್ಲೇ ಇಟ್ಟುಕೊಳ್ಳಬೇಡಿ. ಇನ್ನೊಬ್ಬರಲ್ಲಿಯೂ ಒಂದು ಪ್ರತಿ ಇರಲಿ.