ಬುಗುರಿ ಮತ್ತು ನರಿಯ ಪರೀಕ್ಷೆಯ ಕಲ್ಲು

ಬಿದಿರು ಮೆಳೆಗಳ ಒಂದು ಕಾಡಿನಲ್ಲಿ ಬುಗುರಿ ಎಂಬ ಕೋತಿಮರಿ ಇದ್ದ. ಹೆಸರಿಗೆ ತಕ್ಕ ಹಾಗೆ ನಿಂತಲ್ಲಿ ನಿಲ್ಲುತ್ತಿರಲಿಲ್ಲ. ಕೋತಿಮರಿಗಳು ಜಿಗಿಯುವುದು ಹೊಸದೇನಲ್ಲ ಬಿಡಿ. ಆದರೆ ಉಳಿದ ಮರಿಗಳು ಜಿಗಿಯುವಾಗ ಮುಂದಿನ ಕೊಂಬೆಯನ್ನು ನೋಡುತ್ತಿದ್ದವು. ಬುಗುರಿ ಅರ್ಧ ಜಿಗಿತದಲ್ಲಿ ಚಿಟ್ಟೆಯನ್ನು ನೋಡುತ್ತಿದ್ದ. ಆಮೇಲೆ ಧೊಪ್ಪನೆ ನೆಲಕ್ಕೆ!

ಶಾಲೆಯಲ್ಲೂ ಅದೇ ಕಥೆ. ಆಮೆ ಮೇಷ್ಟ್ರು "ಈ ಕಾಯಿ ವಿಷ, ತಿನ್ನಬೇಡಿ" ಎಂದು ಹೇಳಿ ಮುಗಿಸುವಷ್ಟರಲ್ಲಿ ಬುಗುರಿ ಮರದ ತುದಿಯಲ್ಲಿರುತ್ತಿದ್ದ. ಆಮೆ ಮೇಷ್ಟ್ರಿಗೆ ಅಷ್ಟು ಹೇಳಲು ಅರ್ಧ ಬೆಳಿಗ್ಗೆ ಬೇಕಾಗುತ್ತಿತ್ತು, ಅದು ಬೇರೆ ವಿಷಯ.

"ಇವನು ಬೇಕಂತಲೇ ಹೀಗೆ ಮಾಡ್ತಾನೆ. ಮುದ್ದು ಮಾಡಿ ಕೆಡಿಸಿದ್ದೀಯ ಕಣಮ್ಮ" ಎಂದು ಮೇಷ್ಟ್ರು ಬುಗುರಿಯ ತಾಯಿ ಚೆಲುವಿಯನ್ನು ಗದರಿದರು.

ಒಂದು ದಿನ ಬುಗುರಿ ಬಂಡೆಯ ಮೇಲೆ ಬಿದ್ದ. ಮೊಣಕೈ ಬಾತುಕೊಂಡಿತು. ಚೆಲುವಿಗೆ ಕೈಕಾಲು ಆಡಲಿಲ್ಲ. ಇವತ್ತು ಕೈ ಆಯಿತು, ನಾಳೆ ತಲೆಯಾದರೆ?

ಸುದ್ದಿ ನರಿಯ ಕಿವಿಗೆ ಬಿತ್ತು. ಅವನು ಹಣೆಗೆ ಮಣ್ಣು ಬಳಿದುಕೊಂಡು ದಿಢೀರನೆ ಪಂಡಿತನಾದ. ಕೆರೆಯ ಬಳಿ ಚೆಲುವಿಗೂ ನೆರೆದ ಪ್ರಾಣಿಗಳಿಗೂ ಒಂದು ಚಪ್ಪಟೆ ಕಲ್ಲನ್ನು ತೋರಿಸಿ, "ಇದು ಪರೀಕ್ಷೆಯ ಕಲ್ಲು. ಇದರ ಮೇಲೆ ಅಲುಗಾಡದೆ ಕೂತ್ರೆ ಮರಿ ಸರಿಯಾಗಿದೆ. ಅಲುಗಿದ್ರೆ ರೋಗ!" ಎಂದ.

ಬುಗುರಿ ಕೂತ. ಕೂತವನೇ ಎದ್ದ.

"ಅಮ್ಮಾ, ಇಲ್ಲಿ ಕೆಂಪು..."

"ಸುಮ್ನಿರೋ!" ಎಂದಳು ಚೆಲುವಿ. ಗಳಿಗೆಗೊಮ್ಮೆ ಏನೋ ಒಂದನ್ನು ಕಂಡು ಕೂಗುವ ಮಗನ ಮಾತನ್ನು ಕೇಳುವುದನ್ನೇ ಅವಳು ಬಿಟ್ಟಿದ್ದಳು.

"ಚಡಪಡಿಕೆ ರೋಗ! ತುಂಬಾ ಮುಂದುವರಿದಿದೆ" ಎಂದು ನರಿ ಲೊಚಗುಟ್ಟಿದ. "ಇವನನ್ನು ನನ್ನ ಗವಿಯಲ್ಲಿ ಬಿಟ್ಟು ಹೋಗಿ. ಆಮೇಲೆ ಇವನ ಸದ್ದೇ ಇರಲ್ಲ, ನೋಡ್ತಿರಿ. ಗವಿಯ ಹತ್ತಿರ ಯಾರೂ ಸುಳಿಯಬಾರದು, ತಾಯಿಯೂ ಕೂಡ."

ಹೇಳುವಾಗ ನರಿಯ ಬಾಯಲ್ಲಿ ನೀರೂರಿದ್ದನ್ನು ಪಾಪ, ಚೆಲುವಿ ನೋಡಲಿಲ್ಲ. ಮಗನ ಕೈ ಹಿಡಿದು ಗವಿಯ ಕಡೆ ಹೊರಟೇಬಿಟ್ಟಳು.

ಕೆರೆಯಲ್ಲಿ ಒಂಟಿಕಾಲಲ್ಲಿ ನಿಂತು ಎಲ್ಲವನ್ನೂ ನೋಡುತ್ತಿದ್ದ ಕೊಕ್ಕರೆ ಡಾಕ್ಟರಮ್ಮ ಉದ್ದುದ್ದ ಹೆಜ್ಜೆ ಹಾಕಿ ಅವರಿಗೆ ಅಡ್ಡ ಬಂದರು. ಬಂದವರು ನೇರವಾಗಿ ಬುಗುರಿಯನ್ನೇ ಕೇಳಿದರು.

"ಏನಪ್ಪಾ ಕಂಡೆ ಅಲ್ಲಿ?"

"ಕೆಂಪಿರುವೆ! ಕಲ್ಲಿನ ಬಿರುಕಿಂದ ಸಾಲುಸಾಲಾಗಿ ಬರ್ತಿವೆ!"

"ಹೌದಾ? ಪಂಡಿತರೇ, ನೀವೇ ಒಮ್ಮೆ ಕೂತು ತೋರಿಸಿ. ಹೇಗೆ ಕೂರಬೇಕು ಅಂತ ನಾವೂ ಕಲಿಯೋಣ."

ನೆರೆದಿದ್ದ ಪ್ರಾಣಿಗಳೆಲ್ಲ "ಕೂರಿ, ಕೂರಿ!" ಎಂದವು. ನರಿ ಹಲ್ಲು ಕಿರಿಯುತ್ತ ಕೂತ. ಮೊದಲು ಮೀಸೆ ಅಲುಗಿತು. ಆಮೇಲೆ ಕಿವಿ. ಆಮೇಲೆ "ಅಯ್ಯಯ್ಯೋ ಸತ್ತೆ!" ಎಂದು ಹಿಂಭಾಗ ಹಿಡಿದುಕೊಂಡು ಕೆರೆಗೆ ಹಾರಿದ.

"ತುಂಬಾ ಮುಂದುವರಿದಿದೆ" ಎಂದರು ಡಾಕ್ಟರಮ್ಮ. "ಇವರನ್ನೇ ಗವಿಯಲ್ಲಿ ಇಡಬೇಕು."

ಕಾಡೆಲ್ಲ ಬಿದ್ದುಬಿದ್ದು ನಕ್ಕಿತು. ಆಚೆ ದಡ ಹತ್ತಿ ಓಡಿದ ನರಿ ಮತ್ತೆ ಆ ಕಡೆ ತಲೆ ಹಾಕಲಿಲ್ಲ.

"ಹಾಗಾದ್ರೆ ನನ್ನ ಮಗನಿಗೆ ಏನೂ ಇಲ್ಲ, ಅಲ್ವಾ ಡಾಕ್ಟರಮ್ಮ?" ಎಂದು ಚೆಲುವಿ ಆಸೆಯಿಂದ ಕೇಳಿದಳು.

"ನರಿ ಸುಳ್ಳು ಹೇಳಿದ ಅಂತ ಮಗುವಿನ ಕಷ್ಟ ಸುಳ್ಳಾಗಲ್ಲಮ್ಮ. ಕೈ ಬಾತಿರೋದು ನಿಜ ತಾನೆ? ಒಂದೇ ನೋಟಕ್ಕೆ ಹೇಳಿಬಿಡೋಕೆ ನನಗೆ ಬರಲ್ಲ. ನೋಡ್ತೀನಿ."

ಅವರು ಬುಗುರಿಯನ್ನು ಮನೆಯಲ್ಲಿ ನೋಡಿದರು, ಶಾಲೆಯಲ್ಲಿ ನೋಡಿದರು, ಆಟದಲ್ಲೂ ನೋಡಿದರು. ಕಣ್ಣು, ಕಿವಿ ಪರೀಕ್ಷಿಸಿದರು. ನಿದ್ದೆ ಹೇಗಿದೆ ಎಂದು ವಿಚಾರಿಸಿದರು. ಆಮೆ ಮೇಷ್ಟ್ರು ಹೇಳುವುದನ್ನು ಪೂರ್ತಿ ಕೇಳಿಸಿಕೊಂಡರು. ಅದಕ್ಕೂ ತಾಳ್ಮೆ ಬೇಕು!

ಕೊನೆಗೆ ಹೇಳಿದರು: "ಇವನ ಗಮನ ಒಂದು ಕಡೆ ನಿಲ್ಲಲ್ಲ. ಹುಟ್ಟಿನಿಂದಲೇ ಹೀಗೆ. ಇವನು ಬೇಕಂತ ಮಾಡ್ತಿಲ್ಲ. ನಿನ್ನ ತಪ್ಪೂ ಇದರಲ್ಲಿ ಇಲ್ಲ."

ಚೆಲುವಿ ಗಳಗಳನೆ ಅತ್ತಳು. ಎಷ್ಟು ದಿನದಿಂದ ತನ್ನನ್ನೇ ಬೈದುಕೊಳ್ಳುತ್ತಿದ್ದಳೋ! ಮೇಷ್ಟ್ರು ನಾಚಿಕೆಯಿಂದ ತಲೆಯನ್ನು ಚಿಪ್ಪಿನೊಳಗೆ ಎಳೆದುಕೊಂಡರು.

ಅಂದಿನಿಂದ ಮೇಷ್ಟ್ರು ಪಾಠವನ್ನು ತುಂಡು ಮಾಡಿದರು. ಒಂದಿಷ್ಟು ಪಾಠ, ಮರದ ಸುತ್ತ ಒಂದು ಓಟ, ಮತ್ತೆ ಪಾಠ. ಚೆಲುವಿ ಒಂದು ಸಲಕ್ಕೆ ಒಂದೇ ಕೆಲಸ ಹೇಳಿದಳು, ಮಾಡಿದರೆ ಬೆನ್ನು ತಟ್ಟಿದಳು. ಜಿಗಿಯುವ ಮೊದಲು ಹೇಳಿಕೊಳ್ಳಲು ಒಂದು ಮಾತನ್ನೂ ಕಲಿಸಿದಳು. ಇಷ್ಟೂ ಸಾಲದಾದಾಗ ಡಾಕ್ಟರಮ್ಮ ಅಳತೆ ಮಾಡಿ ಮದ್ದು ಕೊಟ್ಟರು. ಹಸಿವು, ನಿದ್ದೆ ಕೆಟ್ಟಿಲ್ಲವಷ್ಟೇ ಎಂದು ಆಗಾಗ ಬಂದು ನೋಡಿದರು. ಬುಗುರಿ ಪುತ್ಥಳಿಯಂತೆ ಕೂರಲಿಲ್ಲ. ಈಗಲೂ ಬುತ್ತಿ ಮರೆತು ಶಾಲೆಗೆ ಹೋಗುತ್ತಿದ್ದ. ಆದರೆ ಬೀಳುವುದು ಕಡಿಮೆಯಾಯಿತು.

ಒಂದು ಬೆಳಿಗ್ಗೆ ಅವನು ಹಳ್ಳದ ಮೇಲಿನ ಎತ್ತರದ ಕೊಂಬೆಯಿಂದ ಜಿಗಿಯಲು ನಿಂತ. ಮೂಗಿನ ಮುಂದೆಯೇ ನೀಲಿ ಚಿಟ್ಟೆಯೊಂದು ಹಾರಿತು. ಚೆಲುವಿ ಉಸಿರು ಬಿಗಿಹಿಡಿದಳು.

"ಕೊಂಬೆ ಮೊದಲು, ಚಿಟ್ಟೆ ಆಮೇಲೆ" ಎಂದುಕೊಂಡು ಬುಗುರಿ ಜಿಗಿದ. ಕೊಂಬೆ ಹಿಡಿದ. ಆಮೇಲೆ ತಿರುಗಿ ಕೂಗಿದ, "ಅಮ್ಮಾ, ಚಿಟ್ಟೆ!"

"ಎಲ್ಲೋ ಮಗನೆ, ನನಗೂ ತೋರಿಸು" ಎಂದಳು ಚೆಲುವಿ.

ನೀತಿ: ಮಗುವಿನ ಚಡಪಡಿಕೆಯನ್ನು ತುಂಟತನವೆಂದು ಬೈಯಬಾರದು, ಒಂದೇ ನೋಟಕ್ಕೆ ರೋಗ ಹೇಳುವವರನ್ನು ನಂಬಲೂಬಾರದು, ತಾಳ್ಮೆಯಿಂದ ನೋಡಿ, ಮಗುವಿನ ಮಾತನ್ನೂ ಕೇಳಿ, ಬಲ್ಲವರ ನೆರವು ಪಡೆಯಬೇಕು.