ಬೆಕ್ಕಿನ ಚೂರಿಗೆ ಒರೆ ಸಿಕ್ಕಿದ್ದು

ಆಗ ಲೋಕ ಎಷ್ಟು ಹೊಸದಾಗಿತ್ತೆಂದರೆ, ಅದಕ್ಕಿನ್ನೂ ಹೊಸ ಮಡಕೆಯ ವಾಸನೆ ಇತ್ತು. ನದಿಗಳಿಗೆ ದಾರಿ ಗೊತ್ತಿರಲಿಲ್ಲ. ಎದುರಿಗೆ ಸಿಕ್ಕವರನ್ನೆಲ್ಲ "ಸಮುದ್ರ ಯಾವ ಕಡೆ?" ಎಂದು ಕೇಳಿಕೊಂಡು ಹೋಗುತ್ತಿದ್ದವು. ಗಾಳಿಗೆ ಮಾಡಲು ಕೆಲಸವೇ ಇರಲಿಲ್ಲ. ಅವರ ಮಾತು ಇವರಿಗೆ, ಇವರ ಮಾತು ಅವರಿಗೆ ಮುಟ್ಟಿಸುತ್ತ ತಿರುಗುತ್ತಿತ್ತು.

ಆ ಕಾಲದಲ್ಲಿ ಭೂಮಿತಾಯಿ ಪ್ರಾಣಿಗಳಿಗೆಲ್ಲ ಆಯುಧ ಹಂಚಿದಳು. ಆನೆಗೆ ದಂತ, ಎತ್ತಿಗೆ ಕೊಂಬು, ಚೇಳಿಗೆ ಕೊಂಡಿ. ಬೆಕ್ಕಿಗೆ ಏನು ಸಿಕ್ಕಿತು ಗೊತ್ತೇ? ಚೂರಿ! ಒಂದೊಂದು ಬೆರಳಿಗೂ ಒಂದೊಂದು ಚೂರಿ! ಬಾಗಿದ ಮೊನೆ, ಹೊಳೆಯುವ ಅಂಚು. ಅದು ಮಡಚಿ ಜೇಬಿಗೆ ಹಾಕಿಕೊಳ್ಳುವ ಚಾಕುವಲ್ಲ, ಬೆರಳಿಗೇ ನಾಟಿಬಿಟ್ಟ ಚೂರಿ. ಮಡಚಿದರೆ ಮಡಚುವುದಿಲ್ಲ, ಕಳಚಿದರೆ ಕಳಚುವುದಿಲ್ಲ.

ಮೊದಲ ಬೆಕ್ಕಿನ ಹೆಸರು ಕೊತ್ತವ್ವ. ಅವಳ ಸಂಭ್ರಮ ಏನು ಕೇಳುತ್ತೀರಿ! ಮರ ಕಂಡರೆ ಗೀರಿದಳು, ಬಂಡೆ ಕಂಡರೆ ಗೀರಿದಳು, ತನ್ನ ಪಾಡಿಗೆ ತಾನು ಮಲಗಿದ್ದ ಕುಂಬಳಕಾಯಿಯನ್ನೂ ಬಿಡಲಿಲ್ಲ. "ನೋಡ್ರೋ, ನನ್ ಚೂರಿ ನೋಡ್ರೋ!" ಎಂದು ಕಾಡೆಲ್ಲ ಕುಣಿದಳು.

ಹೀಗಿರುವಾಗ ಕೊತ್ತವ್ವನಿಗೆ ಒಬ್ಬ ಮಗಳು ಹುಟ್ಟಿದಳು. ಬೆಳ್ಳಗೆ, ದುಂಡಗೆ, ಕಣ್ಣು ಕೂಡ ಬಿಟ್ಟಿರಲಿಲ್ಲ. ಅವಳಿಗೆ ಅರಳೆ ಎಂದು ಹೆಸರಿಟ್ಟು, ಕೊತ್ತವ್ವ ಆಸೆಯಿಂದ ಕೈ ಚಾಚಿ ಮಗಳ ಮುಖ ಸವರಿದಳು.

"ಮಿಯ್ಯಾ!" ಎಂದು ಅರಳೆ ಚೀರಿದಳು. ಪುಟ್ಟ ಮೂಗಿನ ಮೇಲೆ ಕೆಂಪು ಗೆರೆ ಮೂಡಿತು.

ಕೊತ್ತವ್ವ ಚಟ್ಟನೆ ಕೈ ಹಿಂದಕ್ಕೆಳೆದುಕೊಂಡಳು. ಅವತ್ತಿನಿಂದ ಮಗಳನ್ನು ನಾಲಿಗೆಯಲ್ಲಿ ನೆಕ್ಕುವಳು, ಬಾಯಲ್ಲಿ ಕಚ್ಚಿ ಎತ್ತುವಳು, ಕೈ ಮಾತ್ರ ದೂರ. ಹಾಲು ಕುಡಿಸುವಾಗಲೂ ಕೈ ದೂರ. ನಿದ್ದೆ ಮಾಡುವಾಗಲಂತೂ ಇನ್ನೂ ದೂರ, ಎಲ್ಲಿ ಮಗ್ಗುಲು ಬದಲಿಸುವಾಗ ತಗುಲೀತೋ ಎಂದು. ಕೋತಿ ತನ್ನ ಮರಿಯನ್ನು ಅವುಚಿಕೊಂಡು ಹೋಗುವುದನ್ನು ಕಂಡರೆ ಮುಖ ತಿರುಗಿಸಿ ಅಳುವಳು.

ಗಾಳಿ ಇದನ್ನು ನೋಡಿತು. ನೋಡಿದ ಮೇಲೆ ಸುಮ್ಮನಿರುವುದು ಗಾಳಿಯ ಜಾಯಮಾನವೇ?

"ಅಯ್ಯೋ ಕೊತ್ತವ್ವ, ಇಷ್ಟಕ್ಕೆಲ್ಲ ಅಳ್ತಾರಾ? ಚೂರಿಗೊಂದು ಒರೆ ಹಾಕ್ಕೋ!"

"ಒರೆ ಅಂದ್ರೆ ಏನು?"

"ಒರೆ ಅಂದ್ರೆ ಚೂರಿ ಮನೆ. ಬೇಕಾದಾಗ ಚೂರಿ ಆಚೆ, ಬೇಡದಾಗ ಒಳಗೆ. ಬಾಳೆಗಿಡದ ಹತ್ರ ಓಡು! ಅವಳ ಮೈಯೆಲ್ಲ ಒರೆ ಮೇಲೆ ಒರೆ!"

ಕೊತ್ತವ್ವ ಓಡಿದಳು. ಬಾಳೆಯಮ್ಮ ಧಾರಾಳಿ. "ತಗೋ ತಾಯಿ, ಎಷ್ಟು ಬೇಕೋ ಅಷ್ಟು ಸುಲ್ಕೋ" ಎಂದಳು. ಕೊತ್ತವ್ವ ತಂಪು ತಂಪಾದ ಬಾಳೆಪಟ್ಟೆಯನ್ನು ಬೆರಳಿಗೆಲ್ಲ ಸುತ್ತಿಕೊಂಡಳು. ಎಷ್ಟು ಮೆತ್ತಗೆ! ಎಷ್ಟು ಹೊಳಪು! ಇನ್ನೇನು ಮಗಳನ್ನು ಮುಟ್ಟಬಹುದು ಎಂದು ಮನೆ ಕಡೆ ಹಾರುತ್ತ ಬಂದಳು. ದಾರಿಯಲ್ಲಿ ಒಂದು ಹಳ್ಳ ದಾಟಿದಳೋ ಇಲ್ಲವೋ, ಚರಕ್! ಮೊನೆಗಳೆಲ್ಲ ಪಟ್ಟೆ ಸೀಳಿಕೊಂಡು ಹೊರಗೆ ಇಣುಕಿದವು. ಪಟ್ಟೆಯೊಳಗಿನ ನೀರಿಗೆ ಚೂರಿಯ ಹೊಳಪೂ ಮಾಸಿತ್ತು.

"ಹಾಗಾದ್ರೆ ಗಟ್ಟಿ ಒರೆ ಬೇಕು!" ಎಂದಿತು ಗಾಳಿ. "ಬಸವನಹುಳು ಹತ್ರ ಹೋಗು. ಅವನ ಚಿಪ್ಪಿನಂಥ ಒರೆ ಲೋಕದಲ್ಲೇ ಇಲ್ಲ. ಈಗ್ಲೇ ಹೋಗು!"

ಬಸವನಹುಳು ಬಸಣ್ಣ ಮಾತಾಡುವುದೂ ನಡೆದಂತೆಯೇ. "ಬಾ...ರ...ವ್ವ" ಎನ್ನುವಷ್ಟರಲ್ಲಿ ಹೊತ್ತು ನೆತ್ತಿಗೆ ಬಂದಿತ್ತು. ತನ್ನ ಅಂಗಳದಲ್ಲಿ ಬಿದ್ದಿದ್ದ ಖಾಲಿ ಚಿಪ್ಪುಗಳನ್ನು ತೋರಿಸಿದ. ಕೊತ್ತವ್ವ ಒಂದೊಂದು ಬೆರಳಿಗೂ ಒಂದೊಂದು ಚಿಪ್ಪು ಸಿಕ್ಕಿಸಿಕೊಂಡಳು.

"ಬಿಗಿ... ಆಯ್ತಾ?"

"ಭಾರೀ ಬಿಗಿ ಬಸಣ್ಣ!"

"ಹಂಗಾದ್ರೆ... ಸರಿ. ಬೀ...ಳ...ಲ್ಲ."

ಬೀಳುವುದಿಲ್ಲ ಎಂದು ಇಬ್ಬರೂ ಹಿಗ್ಗಿದರು. ಬೇಕಾದಾಗ ಬಿಚ್ಚಿ ಬರುತ್ತದೆಯೇ ಎಂದು ಮಾತ್ರ ಇಬ್ಬರೂ ಕೇಳಲಿಲ್ಲ. ಆತುರಗಾರನಿಗೆ ಬುದ್ಧಿ ಮಟ್ಟ ಅನ್ನುತ್ತಾರಲ್ಲ, ಅದೇ.

ಕಟಕಟ ಸದ್ದು ಮಾಡುತ್ತ ಕೊತ್ತವ್ವ ಮನೆಗೆ ಬಂದಳು. ಆ ಸದ್ದಿಗೆ ದಾರಿಯ ಇಲಿಗಳೆಲ್ಲ ಬಿಲ ಸೇರಿದವು. ಚಿಂತೆಯಿಲ್ಲ! ಅರಳೆಯ ತಲೆ ಸವರಿದಳು. ಠಕ್!

"ಅಮ್ಮಾ, ಕಲ್ಲಲ್ಲಿ ಹೊಡೀತೀಯಾ?" ಎಂದಳು ಅರಳೆ.

ಆದರೆ ರಕ್ತ ಬರಲಿಲ್ಲ! ಗೀರು ಬೀಳಲಿಲ್ಲ! ಕೊತ್ತವ್ವ ನಗುತ್ತ ಇನ್ನೊಮ್ಮೆ ಮೆಲ್ಲಗೆ ಕೈ ಚಾಚುವಷ್ಟರಲ್ಲಿ, ಮೇಲಿನಿಂದ ಒಂದು ನೆರಳು ಸರ್ರನೆ ಇಳಿಯಿತು.

ಹದ್ದು!

ಕೊತ್ತವ್ವ ಎಗರಿ ಹೊಡೆದಳು. ಚಿಪ್ಪು ಹದ್ದಿನ ರೆಕ್ಕೆಗೆ ಟಕ್ಕೆಂದು ಬಡಿಯಿತು, ಅಷ್ಟೆ. ಚೂರಿ ಹೊರಗೆ ಬರಲೇ ಇಲ್ಲ. ಎಳೆದಳು, ಜಗ್ಗಿದಳು, ಬರಲೇ ಇಲ್ಲ. ಹದ್ದು ಅರಳೆಯನ್ನು ಎತ್ತಿಕೊಂಡು ಮೇಲಕ್ಕೆ, ಮೇಲಕ್ಕೆ ಹಾರಿತು.

"ಅಮ್ಮಾ! ಅಮ್ಮಾ!"

ಹತ್ತಿರದ ತೇಗದ ಮರದಲ್ಲಿ ಸಿಂಪಿಗ ಹಕ್ಕಿ ಎಲೆಗೆ ಎಲೆ ಹೊಲಿದು ಗೂಡು ಮಾಡುತ್ತಿದ್ದ. ಹೆಬ್ಬೆರಳಷ್ಟು ಉದ್ದದ ಹಕ್ಕಿ, ಆದರೆ ಸಿಟ್ಟು ಮಾತ್ರ ಮರದಷ್ಟು. ಅರಳೆಯ ಕೂಗು ಕೇಳಿದ್ದೇ ತಡ, ಬಾಣದ ಹಾಗೆ ಹಾರಿ ಹದ್ದಿನ ನೆತ್ತಿಗೆ ಕುಕ್ಕಿದ. "ಬಿಡೋ! ಮಗೂನ್ ಬಿಡೋ ಕಳ್ಳ!" ಕುಕ್ಕಿದ, ಕುಕ್ಕಿದ, ಕುಕ್ಕುತ್ತಲೇ ಇದ್ದ. ಹದ್ದು ತಲೆ ಒದರಿತು. ಹಿಡಿತ ಸಡಿಲವಾಯಿತು. ಅರಳೆ ಕೆಳಗೆ ಬಿದ್ದಳು.

ಎಲ್ಲಿ ಬಿದ್ದಳು? ಸಿಂಪಿಗನ ಗೂಡಿನೊಳಗೇ! ಹೊಲಿಗೆ ಪಟಪಟ ಬಿಚ್ಚಿಕೊಂಡಿತು. ಒಂದೇ ಒಂದು ಎಲೆಯ ಅಂಚನ್ನು ಹಿಡಿದು ಅರಳೆ ನೇತಾಡಿದಳು.

ಕೆಳಗೆ ಕೊತ್ತವ್ವ ಮರಕ್ಕೆ ಹಾರಿದಳು, ಜಾರಿದಳು. ಮತ್ತೆ ಹಾರಿದಳು, ಮತ್ತೆ ಜಾರಿದಳು. ಚಿಪ್ಪು ಹಾಕಿಕೊಂಡು ಮರ ಹತ್ತುವುದು ಹೇಗೆ? ಕೊನೆಗೆ ರೋಷದಿಂದ ಕೈಗಳನ್ನು ಬಂಡೆಗೆ ಬಡಿದಳು. ಚಿಪ್ಪುಗಳು ಪುಡಿಪುಡಿಯಾದವು, ಚೂರಿಗಳು ಹೊರಬಂದವು. ಅವಳು ಮರ ಹತ್ತಿದ ವೇಗಕ್ಕೆ ತೊಗಟೆ ಹಾರಿಹೋಯಿತು. ಎಲೆ ಕಿತ್ತು ಬರುವುದಕ್ಕೂ ಅವಳು ಮಗಳ ಕುತ್ತಿಗೆಯನ್ನು ಬಾಯಲ್ಲಿ ಹಿಡಿಯುವುದಕ್ಕೂ ಸರಿಹೋಯಿತು.

ಅಬ್ಬಾ! ಉಸಿರು ಬಿಡಿ ಮಕ್ಕಳೇ, ಬದುಕಿದಳು.

ನೆಲಕ್ಕೆ ಇಳಿದ ಮೇಲೆ ಅರಳೆ ಗಡಗಡ ನಡುಗುತ್ತಿದ್ದಳು. "ಅಮ್ಮಾ, ನನ್ನ ಹಿಡ್ಕೋ" ಎಂದು ತಾಯಿಯ ಕೈಗಳ ನಡುವೆ ನುಗ್ಗಲು ಬಂದಳು.

ಕೊತ್ತವ್ವ ಹಿಂದೆ ಸರಿದಳು. "ಬೇಡ ಕಂದಾ. ದೂರ ಇರು."

ಅರಳೆ ಇನ್ನೊಂದು ಹೆಜ್ಜೆ ಮುಂದೆ ಬಂದಳು. ಕೊತ್ತವ್ವ ಇನ್ನೊಂದು ಹೆಜ್ಜೆ ಹಿಂದೆ ಹೋದಳು. ಒರೆ ಇದ್ದಾಗ ಮಗಳನ್ನು ಕಾಪಾಡಲು ಆಗಲಿಲ್ಲ, ಒರೆ ಇಲ್ಲದಾಗ ಅಪ್ಪಿಕೊಳ್ಳಲು ಆಗುವುದಿಲ್ಲ. ಅವಳಿಗೆ ಅಳು ಉಕ್ಕಿ ಬಂತು.

ಸಿಂಪಿಗ ಹರಿದ ಗೂಡನ್ನು ನೋಡಿ ಬೈಯಲು ಬಾಯಿ ತೆರೆದವನು ಇದನ್ನು ನೋಡಿ ಬಾಯಿ ಮುಚ್ಚಿಕೊಂಡ. ಕೆಳಗಿಳಿದು ಬಂದ.

"ಯಾರವ್ವ ನಿಂಗೆ ಚಿಪ್ಪು ಹಾಕ್ಕೋ ಅಂದಿದ್ದು?"

"ಗಾಳಿ ಹೇಳ್ತು ಸಿಂಪಿಗಣ್ಣ."

"ಗಾಳಿ ಮಾತು ಕೇಳ್ತಾರಾ?" ಎಂದು ಸಿಂಪಿಗ ಸಿಡುಕಿದ. ನಂಬಿದರೆ ಕೆಡುವ ಮಾತಿಗೆ ಗಾಳಿಮಾತು ಎಂಬ ಹೆಸರು ಬಿದ್ದದ್ದು ಅವತ್ತೇ. "ಕೈ ಚಾಚು. ಈ ಕೈಯಲ್ಲಿ ಏನೇನು ಮಾಡ್ತೀಯ, ಅದು ಹೇಳು ಮೊದ್ಲು."

"ಇಲಿ ಹಿಡೀತೀನಿ. ಮರ ಹತ್ತೀನಿ. ಹದ್ದಿಗೆ ಹೊಡೀಬೇಕು." ಕೊತ್ತವ್ವ ತಡೆದು ಹೇಳಿದಳು. "ಅರಳೇನ ಮುಟ್ಬೇಕು."

"ಕೊನೇದು ಮೊದ್ಲು ಹೇಳೋದಲ್ವಾ ತಾಯಿ! ಒರೆ ಅದಕ್ಕೇ ತಾನೇ? ಹೊರಗಿನ ಸಾಮಾನು ಬೇಡ. ನಿನ್ನ ತೊಗಲಲ್ಲೇ ಹೊಲೀತೀನಿ. ನೋವಾಗತ್ತೆ. ತಡ್ಕೋತೀಯಾ?"

"ತಡ್ಕೋತೀನಿ."

ಸುದ್ದಿ ಕೇಳಿ ನಾಯಿಯೂ ಓಡಿ ಬಂತು. "ನಂಗೂ ಒರೆ! ನಂಗೂ!" ಎಂದು ಸಾಲಿನಲ್ಲಿ ಕುಳಿತಿತು. ಸಿಂಪಿಗ ಕೊಕ್ಕನ್ನೇ ಸೂಜಿ ಮಾಡಿಕೊಂಡು ಬೆರಳಿನ ಚರ್ಮವನ್ನು ಮಡಿಸಿ ಹೊಲಿಯತೊಡಗಿದ. ಚುಚ್ಚಿದಾಗಲೆಲ್ಲ ಕೊತ್ತವ್ವನ ಮೀಸೆ ನಡುಗುತ್ತಿತ್ತು. ಆದರೂ ಅವಳು ಕೈ ಹಿಂದೆಗೆಯಲಿಲ್ಲ. "ಒರೆ ಬಾಯಿ ಸ್ವಲ್ಪ ತೆರೆದೇ ಬಿಡ್ತೀನಿ. ಮಣ್ಣು ನೀರು ಒಳಗೆ ನಿಲ್ಲಬಾರದು" ಎಂದು ಗೊಣಗುತ್ತ ಸಿಂಪಿಗ ಕೊನೆಯ ಗಂಟು ಹಾಕಿದ. ಅಷ್ಟರಲ್ಲಿ ಎಲ್ಲಿಂದಲೋ ಮೂಳೆಯ ವಾಸನೆ ಬಂತು, ನಾಯಿ ಸಾಲು ಬಿಟ್ಟು ಓಡಿಹೋಯಿತು. ಮತ್ತೆ ಬರಲೇ ಇಲ್ಲ.

ಚೂರಿಯನ್ನು ಒಳಗೆ ಹೊರಗೆ ಎಳೆಯಲು ದಾರ ಬೇಕಲ್ಲ? ಮೇಲಿನ ಕೊಂಬೆಯಿಂದ ಜೇಡಕ್ಕ ಇಳಿದು ಬಂದಳು. ಅವಳ ನೂಲು ಎಳೆದರೆ ಹಿಗ್ಗುತ್ತದೆ, ಬಿಟ್ಟರೆ ಕುಗ್ಗುತ್ತದೆ.

"ಹೇಗ್ ಕಟ್ಲಿ?" ಎಂದಳು ಜೇಡಕ್ಕ. "ಎರಡು ಥರ ಕಟ್ಬಹುದು. ಸುಮ್ನಿದ್ದಾಗ ಚೂರಿ ಆಚೆ ಇರೋದು, ಬೇಕಾದಾಗ ಎಳೆದು ಒಳಗೆ ಹಾಕ್ಕೊಳ್ಳೋದು. ಇಲ್ಲಾಂದ್ರೆ ಸುಮ್ನಿದ್ದಾಗ ಒಳಗೆ, ಬೇಕಾದಾಗ ಎಳೆದು ಆಚೆ ತೆಗೆಯೋದು."

"ಮೊದಲನೇದು! ಮೊದಲನೇದು!" ಎಂದು ಗಾಳಿ ಎಲೆಗಳ ನಡುವಿನಿಂದ ಕೂಗಿತು. "ಶತ್ರು ಬಂದಾಗ ಚೂರಿ ತಯಾರಾಗಿರ್ಬೇಕು!"

ಹದ್ದು ಇನ್ನೂ ಆಕಾಶದಲ್ಲಿ ಸುತ್ತುತ್ತಿತ್ತು. ಜೇಡಕ್ಕ ನೂಲು ಹಿಡಿದು ಕಾದಳು. ಕೊತ್ತವ್ವ ಹದ್ದನ್ನು ನೋಡಿದಳು, ಮಗಳನ್ನು ನೋಡಿದಳು.

"ಜೇಡಕ್ಕ, ನಂಗೆ ನಿದ್ದೆ ಬಂದಾಗ?"

"ನಿದ್ದೇಲಿ ಯಾರು ಎಳೀತಾರೆ? ಮೊದಲನೇ ಥರ ಕಟ್ಟಿದ್ರೆ ಚೂರಿ ಆಚೆ ಬಂದ್ಬಿಡತ್ತೆ."

"ಹಾಗಾದ್ರೆ ಎರಡನೇದೇ ಕಟ್ಟು. ಹದ್ದು ಬಂದ್ರೆ ನಾನು ಎಚ್ಚರ ಇದ್ದು ತೆಗೀತೀನಿ, ಆ ಶ್ರಮ ನಂದಿರ್ಲಿ. ನಿದ್ದೇಲಿ ಇವಳು ನನ್ನ ಪಕ್ಕದಲ್ಲಿರ್ತಾಳೆ."

ಸಿಂಪಿಗನ ಕಣ್ಣು ತುಂಬಿತ್ತು. (ಅಂಥ ಉಪಕಾರಿ ಹಕ್ಕಿಯ ವಂಶವನ್ನು ಬೆಕ್ಕು ಈಗ ಯಾಕೆ ಬೇಟೆಯಾಡುತ್ತದೆ ಎಂದು ಕೇಳಬೇಡಿ. ಉಂಡ ಮನೆಗೆ ಎರಡು ಬಗೆಯುವವರು ಎಲ್ಲ ಜಾತಿಯಲ್ಲೂ ಹುಟ್ಟುತ್ತಾರೆ.)

ಜೇಡಕ್ಕ ನೂಲು ಕಟ್ಟಿದಳು. ಕೊತ್ತವ್ವ ಬೆರಳು ಸೆಟೆಸಿದಳು. ಸರಕ್! ಚೂರಿಗಳೆಲ್ಲ ಹೊರಗೆ! ಬೆರಳು ಸಡಿಲಿಸಿದಳು. ಚೂರಿಗಳೆಲ್ಲ ಒಳಗೆ! ಸದ್ದಿಲ್ಲ, ಸುದ್ದಿಯಿಲ್ಲ! ಸರಕ್, ಹೊರಗೆ! ಸಡಿಲಿಸಿದರೆ, ಒಳಗೆ! ಹದ್ದು ಮೇಲಿಂದ ಇದನ್ನು ನೋಡಿ ಬೇರೆ ಊರಿಗೆ ಹೋಯಿತು.

"ಹೂಂ, ಇನ್ನ ಮುಟ್ಟು" ಎಂದ ಸಿಂಪಿಗ.

ಕೊತ್ತವ್ವನಿಗೆ ಧೈರ್ಯ ಬರಲಿಲ್ಲ. ಕೈಯನ್ನು ಗಾಳಿಯಲ್ಲೇ ಹಿಡಿದು ನಿಂತಳು. ಅರಳೆಯೇ ತೆವಳಿಕೊಂಡು ಬಂದು ಆ ಕೈಯ ಕೆಳಗೆ ತೂರಿಕೊಂಡಳು. ಕೈ ಮೆಲ್ಲಗೆ ಅವಳ ಬೆನ್ನ ಮೇಲೆ ಇಳಿಯಿತು.

"ಅಮ್ಮಾ, ನನ್ ಬೆನ್ ಮೇಲೆ ಏನಿದು?"

"ನನ್ ಕೈ ಕಣೇ."

"ಇಷ್ಟು ಮೆತ್ತಗಿದ್ಯಾ ನಿನ್ ಕೈ?"

ಕೊತ್ತವ್ವ ಮಗಳನ್ನು ಎರಡೂ ಕೈಯಿಂದ ಎದೆಗೆ ಎಳೆದುಕೊಂಡು, ಅಲ್ಲೇ ಮರದ ಬುಡದಲ್ಲಿ, ಹಾಡುಹಗಲಲ್ಲೇ ನಿದ್ದೆ ಹೋದಳು.

ಅದಕ್ಕೇ ಮಕ್ಕಳೇ, ಇವತ್ತಿಗೂ ನಾಯಿ ಅಂಗಳದಲ್ಲಿ ನಡೆದರೆ ಉಗುರು ಟಿಕ್ ಟಿಕ್ ಎನ್ನುತ್ತದೆ, ಬೆಕ್ಕು ಬಂದದ್ದು ಮಾತ್ರ ಹಾಲಿನ ಪಾತ್ರೆಗೂ ಗೊತ್ತಾಗುವುದಿಲ್ಲ. ಸಿಟ್ಟು ಬಂದಾಗ ಅದರ ಚೂರಿ ಕ್ಷಣದಲ್ಲಿ ಹೊರಬರುತ್ತದೆ. ಆದರೆ ಮಲಗಿರುವ ಬೆಕ್ಕನ್ನು ನೋಡಿ, ಪಕ್ಕದಲ್ಲಿ ಮರಿ ಇರಲಿ, ಇಲ್ಲದಿರಲಿ, ನಿದ್ದೆಯಲ್ಲಿ ಅದರ ಚೂರಿಗಳೆಲ್ಲ ಒರೆಯೊಳಗೇ ಇರುತ್ತವೆ.