ಟ್ಯಾಂಕಿನ ಮೇಲೆ ಕಾಣಬೇಕಾದ ತಂತಿ

ಯಲಬುರ್ಗಾ ಕಡೆಯ ಬಯಲಲ್ಲಿ ಹೈಟೆನ್ಷನ್ ಲೈನಿನ ಕೆಲಸ. ಪ್ರಾಜೆಕ್ಟ್ ಮ್ಯಾನೇಜರ್ ಹೊನ್ನಪ್ಪ ತಂತಿ ಎಳೆಸಿ ಮುಗಿಸಿದ್ದ.

ಚಳಿಗಾಲದ ಒಂದು ಮಧ್ಯಾಹ್ನ ಕಂಪನಿಯ ದೊಡ್ಡ ಸಾಹೇಬರು ಬಂದರು. ರಸ್ತೆ ಬದಿಯ ಮೈಲಿಗಲ್ಲಿನ ಹತ್ತಿರ ನಿಂತು ನೋಡಿದರು. ತಂತಿಯ ನಡುಭಾಗ ಜೋತು, ಹಿಂದೆ ದೂರದಲ್ಲಿದ್ದ ಊರಿನ ನೀರಿನ ಟ್ಯಾಂಕಿನ ತುದಿಗಿಂತ ಕೆಳಗೆ ಕಾಣುತ್ತಿತ್ತು.

"ಏನ್ರೀ ಇದು, ಬಟ್ಟೆ ಒಣಗಿಸೋ ಹಗ್ಗವೇ? ನಾಳೆಯೊಳಗೆ ಬಿಗಿ ಮಾಡಿಸಿ. ಟ್ಯಾಂಕಿನ ಮೇಲೆ ಕಾಣಬೇಕು. ಇಲ್ಲದಿದ್ದರೆ ನೀವು ಮನೆಗೆ ಹೋಗಿ."

ತಂತಿ ಬಿಸಿಲಿಗೆ ಉದ್ದವಾಗುತ್ತದೆ, ಚಳಿಗೆ ಗಿಡ್ಡವಾಗುತ್ತದೆ. ಮಧ್ಯಾಹ್ನವೇ ಎಳೆದು ಬಿಗಿದರೆ ಬೆಳಗಿನ ಜಾವದ ಚಳಿಗೆ ತಂತಿ ಹೊತ್ತ ಟವರಿನ ಕೈ ಮುರಿದೀತು. ಹೊನ್ನಪ್ಪ ಇದನ್ನು ಹೇಳಹೊರಟ.

"ನನಗೆ ಪಾಠ ಬೇಡ," ಅಂದರು ಸಾಹೇಬರು.

"ಆತ್ರಿ ಸರ. ನಾಳೆ ಮುಂಜಾನೆ ಆರೂವರೆಗೆ ಬರ್ರಿ."

ಹೊನ್ನಪ್ಪ ಕೆಲಸಗಾರರನ್ನು ಮನೆಗೆ ಕಳಿಸಿದ. ಊಟ ಮಾಡಿ ಮಲಗಿದ.

ಬೆಳಗ್ಗೆ ಸಾಹೇಬರು ಮಫ್ಲರ್ ಸುತ್ತಿಕೊಂಡು ಅದೇ ಮೈಲಿಗಲ್ಲಿನ ಹತ್ತಿರ ನಿಂತರು. ತಂತಿ ಟ್ಯಾಂಕಿನ ಮೇಲಿತ್ತು.

"ನೋಡಿದ್ರಾ? ಬೈದರೇನೇ ನಿಮ್ಮಂಥವರ ಕೈಲಿ ಕೆಲಸ ಆಗೋದು," ಅಂದು ತಪಾಸಣೆ ಪುಸ್ತಕಕ್ಕೆ ಸಹಿ ಹಾಕಿದರು.

ಹೊನ್ನಪ್ಪ ಪುಸ್ತಕ ಮಡಚಿ ಕಂಕುಳಲ್ಲಿ ಇಟ್ಟುಕೊಂಡ.

"ಹೌದ್ರಿ ಸರ. ಆದ್ರ ಮಧ್ಯಾಹ್ನಕ್ಕ ಮತ್ತ ಜೋಲ್ತೈತ್ರಿ. ದಿನಾ ಸಂಜೀಕ ಬಂದು ಹಿಂಗ ಬೈದು ಹೋಗ್ರಿ. ಬೆಳಗಾಗೂದ್ರಾಗ ತಾನ ಬಿಗಿ ಆಗಿರ್ತೈತ್ರಿ. ನಾವಂತೂ ನಿನ್ನಿ ಕೈ ಹಚ್ಚಿಲ್ಲರಿ."

ಸಾಹೇಬರು ತಂತಿ ನೋಡಿದರು. ಆಗಷ್ಟೇ ಮೂಡುತ್ತಿದ್ದ ಸೂರ್ಯನನ್ನು ನೋಡಿದರು. ಜೀಪು ಹತ್ತಿದರು.

ಈಗಲೂ ತಪಾಸಣೆಗೆ ಬರುತ್ತಾರೆ. ಟವರಿನ ಬುಡ ಮಾತ್ರ ನೋಡುತ್ತಾರೆ.